ಚಾರ್ಜರ್ ಸ್ವಯಂವರ

ಇಂಜಿನ್ ಬಂದ್ ಮಾಡಿದ ಕಾರಿನಲ್ಲಿ ಕೂತು ಎಷ್ಟು ಹಾಡು ಕೇಳಿದರೂ ಪುಕ್ಕಟೆ ಎಂದು ಉಲ್ಲಾಸ್ ಗಟ್ಟಿಯಾಗಿ ನಂಬಿದ್ದ. ಪೆಟ್ರೋಲ್ ಸುಡುವುದಿಲ್ಲ, ಮತ್ತೆ ಖರ್ಚೆಲ್ಲಿ? ಮದುವೆಯಾದ ಮೊದಲ ವರ್ಷದ ಆಸಾಡಿ, ಅಂದರೆ ಆಷಾಢ. ಕ್ರಮದಂತೆ ಹೆಂಡತಿ ಶ್ರಾವ್ಯ ತಿಂಗಳ ಮಟ್ಟಿಗೆ ನಾವುಂದದ ತವರಿಗೆ ಹೋಗಿದ್ದಳು. ಬಸ್ರೂರಿನ ಸೊಸೈಟಿಯ ಗುಮಾಸ್ತನಾದ ಈ ವಿರಹಿ ದಿನಾ ಸಂಜೆ ಅಂಗಳದ ಕಾರಿನಲ್ಲಿ ಕೂತು, ಹಾಡು ಹಾಕಿಕೊಂಡು ಅವಳೊಡನೆ ಫೋನಿನಲ್ಲಿ ಮಾತಾಡುತ್ತಿದ್ದ. (ಮನೆಯೊಳಗೆ ಅಮ್ಮನ ಕಿವಿ ಇತ್ತು.) ಆಸಾಡಿ ಮುಗಿಯುವ ಮೊದಲೇ ಬ್ಯಾಟರಿ ದಿವಂಗತವಾಯಿತು.

ಸಂಕಟ ಅದಲ್ಲ. ಆಸಾಡಿ ಕಳೆದ ಮೊದಲ ಭಾನುವಾರ ಸ್ವಂತ ಕಾರಿನಲ್ಲಿ, ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಬಂದು ಶ್ರಾವ್ಯಳನ್ನು ಕರೆದೊಯ್ಯುತ್ತೇನೆಂದು ಅವನು ಮಾವ ಮಂಜಯ್ಯನವರಿಗೆ ಮಾತು ಕೊಟ್ಟಿದ್ದ. ಮಾವ ಅದನ್ನು ಊರಿಗೆಲ್ಲ ಹೇಳಿಯೂ ಆಗಿತ್ತು. ಉಳಿದದ್ದು ಎಂಟು ದಿನ.

"ಎಂತ ಮಾರಾಯಾ, ನಾಕ್ ಜನ ತಳ್ಳಿರೆ ಆತ್ತ್" ಎಂದ ಪಕ್ಕದ ಮನೆಯ ಕುಷ್ಟಣ್ಣ.

"ತಳ್ಳಿ ಹೊರಡ್ಸಿದ್ದ್ ಮಾವನ ಅಂಗಳದಗೆ ನಿಂತ್ರೆ? ಅಲ್ಲ್ ತಳ್ಳುಕೆ ಮಾವನ್ನೇ ಕರೀಕಾ?"

ಅಲ್ಲಿಂದ ಉಲ್ಲಾಸನಿಗೆ ಚಾರ್ಜರ್ ಹುಚ್ಚು ಹಿಡಿಯಿತು. ಹನ್ನೊಂದು ವಿಡಿಯೋ ನೋಡಿದ. ಊಟಕ್ಕೆ ಕೂತರೆ ವೋಲ್ಟು, ಬಚ್ಚಲಿಗೆ ಹೋದರೆ ಆಂಪಿಯರ್. ಚಾರ್ಜರಿನ ಆಂಪಿಯರ್ ಬ್ಯಾಟರಿಯ ಸಾಮರ್ಥ್ಯದ ಹತ್ತನೇ ಒಂದರಷ್ಟಿರಬೇಕೆಂಬ ಪರಮಸತ್ಯ ಬುಧವಾರ ಸಾಕ್ಷಾತ್ಕಾರವಾಯಿತು. ತುಂಬಿದೊಡನೆ ತಾನೇ ನಿಲ್ಲುವಂಥದ್ದೇ ಬೇಕೆಂದು ಗುರುವಾರ ಇತ್ಯರ್ಥವಾಯಿತು. ಶುಕ್ರವಾರ ಬ್ರಹ್ಮಾವರದಲ್ಲಿ ಕಂಡದ್ದು ಲಾರಿಯದು, ಶನಿವಾರ ಬೈಂದೂರಿನಲ್ಲಿ ಕಂಡದ್ದು ಬೈಕಿನದು. (ನಾವುಂದ ದಾಟುವಾಗ ಬಸ್ಸಿನಲ್ಲಿ ತಲೆ ಬಗ್ಗಿಸಿ ಕೂತಿದ್ದ.) ಹೆಣ್ಣು ನೋಡಲೂ ಅವನು ಇಷ್ಟು ಊರು ತಿರುಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕುಂದಾಪುರದ ವಿಶಾಲನ ಅಂಗಡಿಯಲ್ಲಿ ಅದು ಪ್ರತ್ಯಕ್ಷವಾಯಿತು: ಹನ್ನೆರಡು ವೋಲ್ಟು, ನಾಲ್ಕು ಆಂಪಿಯರ್. ಉಲ್ಲಾಸ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಸರಿಯಾದ್ದೇ ಆರ್ಸಿರಿ" ಎಂದ ವಿಶಾಲ. "ನಿಧಾನ್ಕೆ ತುಂಬತ್ತ್, ಬ್ಯಾಟ್ರಿಗೆ ಒಳ್ಳೇದ್. ಒಂದ್ ಹತ್ತ್ ತಾಸ್ ಬಿಡಿ."

ಎಂಟು ದಿನ ಎಲ್ಲವನ್ನೂ ನೋಡಿದವನು ಗಡಿಯಾರವನ್ನು ಮಾತ್ರ ನೋಡಿರಲಿಲ್ಲ.

ಮನೆಗೆ ಓಡಿ, ಬ್ಯಾಟರಿ ಬಿಚ್ಚಿ, ಚಾವಡಿಯಲ್ಲಿ ಮಣೆ ಹಾಕಿ ಕೂರಿಸಿ, ಚಾರ್ಜಿಗಿಟ್ಟು ಶ್ರಾವ್ಯಳಿಗೆ ಫೋನ್ ಮಾಡಿದ. "ಬಪ್ದ್ ರಾತ್ರಿ ಆತ್ತ್ ಕಾಣ್. ಆರೆ ಎಂತಾ ಚಾರ್ಜರ್ ಗೊತ್ತಿತಾ? ತುಂಬಿ ಕೂಡ್ಲೇ ತನ್ನಷ್ಟಕ್ಕೇ ನಿಲ್ಲತ್ತ್."

ಆ ಕಡೆ ಫೋನೂ ತನ್ನಷ್ಟಕ್ಕೇ ನಿಂತಿತು.

ಸಂಜೆ ಐದಕ್ಕೆ ಉಲ್ಲಾಸ್ ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕೆಂಪು ದೀಪ ಹಸಿರಾಗಲೆಂದು ಧ್ಯಾನಿಸುತ್ತಿದ್ದಾಗ ಶ್ರಾವ್ಯ ಅಂಗಳಕ್ಕೆ ಬಂದಳು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಅವನು ಉಣ್ಣದೆ ಉಳಿದ ಕೋಳಿ ಸಾರಿನ ಕ್ಯಾರಿಯರ್. ಬೇಲಿಯಾಚೆ ಕುಷ್ಟಣ್ಣನ ಮನೆಮಂದಿಯೆಲ್ಲ ಕುತ್ತಿಗೆ ಉದ್ದ ಮಾಡಿದರು.

ಅಮ್ಮ ಕುಸುಮಾವತಿ ಬೇಲಿಯಾಚೆಗೂ ಕೇಳುವಂತೆಯೇ ಸೊಸೆಯನ್ನು ಕೇಳಿದರು. "ಎಂತ ಹೆಣ್ಣೇ, ಇಂವ ಕಾರ್ ತಕಂಡ್ ಬತ್ತೆ ಅಂದಿದಾ, ಅಲ್ದಾ? ನೀನ್ ಬಸ್ಸಿಗ್ ಎಂತಕ್ ಬಂದದ್?"

ಶ್ರಾವ್ಯ ಬ್ಯಾಗು ಕೆಳಗಿಟ್ಟಳು.

"ಬಸ್ ಸ್ಟಾರ್ಟ್ ಆಯ್ತ್, ಅತ್ತೆ."