ಬಾಗಿಲ ಹಿಂದಿನ ತುಂಡು ಟೈಲ್ಸ್

"ನಮ್ಮ ಬಚ್ಚಲಿಗೆ ಬೇರೆ ಯಾವ ಮೇಸ್ತ್ರಿಯೂ ಕಾಲಿಡಕೂಡದು. ಟೈಲ್ಸ್ ನಾನೇ ಹಾಕುತ್ತೇನೆ!" ಎಂದು ಘೋಷಿಸಿದೆ.

"ಗೋಡೆಗೆ ಒಂದು ಮೊಳೆ ಹೊಡೆದು ಪಕ್ಕದ ಮನೆಯವರ ಕನ್ನಡಿ ಬೀಳಿಸಿದವರು ನೀವು," ಎಂದಳು ಹೆಂಡತಿ.

ಹಟಕ್ಕೆ ಕಾರಣವಿತ್ತು. ಬಚ್ಚಲು ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದ ಗೆಳೆಯ ನಾಲ್ಕು ತಿಂಗಳ ಹಿಂದೆ ತೀರಿಕೊಂಡ. ಅವನು ಟೈಲ್ಸ್ ಮೇಸ್ತ್ರಿ, ನಾನು ಶಾಲೆಯ ಮೇಷ್ಟ್ರು. ಮೂವತ್ತು ವರ್ಷ, ರಜೆ ಸಿಕ್ಕಾಗಲೆಲ್ಲ, ಅವನು ಕೆಲಸ ಮಾಡುವಲ್ಲಿಗೆ ಹೋಗಿ ಹರಟುತ್ತಿದ್ದೆ. ನೋಡಿ ನೋಡಿಯೇ ವಿದ್ಯೆ ಕೈಗೆ ಇಳಿದಿದೆಯೆಂಬ ಧೈರ್ಯ ನನಗೆ!

ಬಚ್ಚಲೋ, ನಾಲ್ಕಡಿ ಐದಡಿ. ಒಳಗೆ ಹೋದವರು ಮನಸ್ಸು ಬದಲಾಯಿಸಬಹುದು, ಮಗ್ಗುಲು ಬದಲಾಯಿಸುವಂತಿಲ್ಲ. ಅದಕ್ಕೆ ದೊಡ್ಡ ಹೂವಿನ ಟೈಲ್ಸೇ ಬೇಕೆಂದು ಎರಡು ವರ್ಷ ಅವನೊಡನೆ ಜಗಳವಾಡಿದ್ದೆ.

"ಲೇ, ಅಲ್ಲಿ ಒಂದು ಹೂವು ಅರಳೋಕೂ ಜಾಗ ಇಲ್ಲ ಕಣೋ! ಚಿಕ್ಕ ಬಿಳೀದು ಹಾಕು," ಎನ್ನುತ್ತಿದ್ದ.

ಈಗ ಚಿಕ್ಕ ಬಿಳಿಯದನ್ನೇ ತಂದೆ. ನೀನೇ ಗೆದ್ದೆಯಲ್ಲೋ ಎಂದು ನನ್ನಿಂದ ಹೇಳಿಸಿಕೊಳ್ಳಲು ಅವನಿರಲಿಲ್ಲ.

ಅವನ ಶಾಸ್ತ್ರದಂತೆ ಮೊದಲು ಎಲ್ಲವನ್ನೂ ನಡುಮನೆಯಲ್ಲಿ ಜೋಡಿಸಿ ನೋಡಿದೆ. ಮನೆಯವರು ಮೂರು ದಿನ ಗೋಡೆ ಹಿಡಿದುಕೊಂಡು ಓಡಾಡಿದರು. ಅವನ ಇನ್ನೊಂದು ಸೂತ್ರ: "ಇಡೀ ಟೈಲ್ಸು ಕಣ್ಣಿಗೆ, ತುಂಡು ಟೈಲ್ಸು ಬಾಗಿಲ ಹಿಂದಕ್ಕೆ."

ಹಳೆಯ ನೆಲದ ಮೇಲೆಯೇ ಹೊಸದನ್ನು ಅಂಟಿಸುತ್ತ ಬಂದೆ. ಕಮೋಡಿನ ಮೇಲೆ ಕುಳಿತರೆ ನಾಲ್ಕೂ ಮೂಲೆ ಕೈಗೆಟಕುತ್ತವೆ. ಯಾವ ಚಕ್ರವರ್ತಿಗೂ ಅಂಥ ಸಿಂಹಾಸನವಿರಲಿಲ್ಲ! ಕೊನೆಗೆ ಬಾಗಿಲು ಮುಚ್ಚಿ, ಅದರ ಹಿಂದಿನ ಮೂಲೆಗೆ ತುಂಡುಗಳನ್ನೆಲ್ಲ ಕೂರಿಸಿದೆ. ಗೆರೆಗಳು ದಾರ ಹಿಡಿದಂತೆ ನೇರ. ಅಂಟು ಗಟ್ಟಿಯಾಗುವವರೆಗೆ ಸಿಂಹಾಸನದ ಮೇಲೆಯೇ ಬೀಗುತ್ತ ಕುಳಿತಿದ್ದು, ಆಮೇಲೆ ಎದ್ದು ಬಾಗಿಲು ಎಳೆದೆ.

ಬಾಗಿಲು ಅಲುಗಲಿಲ್ಲ. ಅದು ಒಳಕ್ಕೆ ತೆರೆಯುವ ಬಾಗಿಲು. ನೆಲ ಈಗ ಅರ್ಧ ಇಂಚು ಎತ್ತರ!

"ಏನ್ರೀ, ಆಯ್ತಾ?"

"ಟೈಲ್ಸ್ ಆಯ್ತು. ನಾನು ಬರೋದು ಬಾಕಿ."

"ಬನ್ನಿ ಮತ್ತೆ."

"ಬಾಗಿಲು ಬಿಡ್ತಿಲ್ಲ ಕಣೇ! ಒಂದೆರಡು ಟೈಲ್ಸ್ ಒಡೆದರೆ..." ಎಂದೆನೇ ಹೊರತು ಸುತ್ತಿಗೆ ಎತ್ತಲು ಕೈ ಬರಲಿಲ್ಲ. ಅವನು ಹೇಳಿದ ಟೈಲ್ಸದು.

ಹೆಂಡತಿ ಓಡಿಹೋಗಿ, ಎರಡು ಮನೆ ಆಚೆಯಿಂದ ಗೆಳೆಯನ ಹೆಂಡತಿಯನ್ನು ಕರೆತಂದಳು.

"ಮೇಷ್ಟ್ರೇ, ಬಾಗಿಲು ಬಿಚ್ಚಿಡಲಿಲ್ವಾ? ಅವರು ಎಲ್ಲೇ ಹೋದ್ರೂ ಮೊದಲು ಮಾಡ್ತಿದ್ದ ಕೆಲಸವೇ ಅದು!"

"ಮೂವತ್ತು ವರ್ಷದಲ್ಲಿ ಒಂದು ದಿನವೂ ನೋಡಿಲ್ಲವಲ್ಲ ಅತ್ತಿಗೆ!"

"ಹೇಗೆ ನೋಡ್ತೀರಿ? ಅವರು ಎಂಟಕ್ಕೇ ಬಿಚ್ಚಿಡ್ತಿದ್ರು. ನೀವು ತಿಂಡಿ ತಿಂದು ಹತ್ತಕ್ಕೆ ಹೋಗ್ತಿದ್ರಿ."

ಆಚೆ ಇಬ್ಬರೂ ನಕ್ಕರು. ನಾಲ್ಕು ತಿಂಗಳಲ್ಲಿ ಅತ್ತಿಗೆ ನಕ್ಕಿದ್ದು ಅದೇ ಮೊದಲು. ನಾನು ಇನ್ನೊಂದು ಗಂಟೆ ಒಳಗೇ ಇರಲು ಸಿದ್ಧನಿದ್ದೆ.

ಅತ್ತಿಗೆ ಹೇಳಿಕೊಟ್ಟಂತೆ ಬಾಗಿಲ ಕೀಲಿನ ಕಡ್ಡಿಗಳನ್ನು ಒಳಗಿನಿಂದ ಹೊಡೆದು ತೆಗೆದೆ. ಬಾಗಿಲು ನನ್ನನ್ನು ಒಮ್ಮೆ ಗಾಢವಾಗಿ ಅಪ್ಪಿಕೊಂಡು ಆಚೆಗೆ ಹೋಯಿತು.

ಅತ್ತಿಗೆ ಒಳಗೆ ಬಂದು, ಅವನು ಮಾಡುತ್ತಿದ್ದಂತೆಯೇ, ಸಂದುಗಳ ಮೇಲೆ ಅಂಗೈ ಸವರಿ ನೋಡಿದರು. "ಅವರೇ ಹಾಕಿದ ಹಾಗಿದೆ."

ನನ್ನ ಎದೆಯೂ ಅರ್ಧ ಇಂಚು ಎತ್ತರವಾಯಿತು! "ತುಂಡು ಟೈಲ್ಸ್ ಒಂದಾದರೂ ಕಣ್ಣಿಗೆ ಬೀಳುತ್ತಾ ಹೇಳಿ? ಎಲ್ಲಾ ಬಾಗಿಲ ಹಿಂದೆ!" ಎಂದೆ.

ಹೆಂಡತಿ ಆ ಮೂಲೆಯ ಹದಿನಾರು ತುಂಡುಗಳನ್ನು ಒಂದೊಂದಾಗಿ ನೋಡಿದಳು.

"ಅದ್ಸರಿ, ಬಾಗಿಲೆಲ್ಲಿ ರೀ?"