ಮಾವನ ವೈರ್‌ಲೆಸ್ಸಿಗೆ ಗುಟ್ಟಿನ ಡಬ್ಬಿ

ರೇಡಿಯೋದ ಹೊಟ್ಟೆಯೊಳಗೆ ನನಗೆ ಗೊತ್ತಿಲ್ಲದ ಸಾಮಾನು ಇನ್ನೂ ಹುಟ್ಟಿಲ್ಲ ಎಂದು ನಾನು ಪೂರ್ತಿಯಾಗಿ ನಂಬಿದ್ದ ಕಾಲವದು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ರಾಯಚೂರಿನಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ಸತ್ತ ರೇಡಿಯೋ ಬಂದರೆ ಬದುಕಿಸಿ ಕಳಿಸುತ್ತಿದ್ದೆ. ಬದುಕಿದ್ದು ಬಂದರೆ ಮಾತ್ರ ಸ್ವಲ್ಪ ಹೆಚ್ಚುಕಡಿಮೆ ಆಗುತ್ತಿತ್ತು!

ನನ್ನ ವಿದ್ವತ್ತನ್ನು ಊರೆಲ್ಲ ಒಪ್ಪಿತ್ತು, ನನ್ನ ಮಾವನೊಬ್ಬರನ್ನು ಬಿಟ್ಟು. ಹೆಂಡತಿ ಸರೋಜಾಳ ತಂದೆ ಶರಣಪ್ಪನವರು ಹತ್ತಿ ಖರೀದಿ ಮಾಡುವವರು. ಯಾರಿಗಾದರೂ ನನ್ನನ್ನು ತೋರಿಸಬೇಕಾದರೆ "ಇಂವಾ ನಮ್ಮ ಸರೋಜನ ಗಂಡ" ಎನ್ನುತ್ತಿದ್ದರು. ಹೆಸರಿಲ್ಲ, ಉದ್ಯೋಗವಿಲ್ಲ! ಮದುವೆಯಾದ ಮೇಲೆ ಅವರು ನನ್ನನ್ನು ನಂಬಿ ಒಂದು ಕೆಲಸವನ್ನೂ ಒಪ್ಪಿಸಿದ್ದಿಲ್ಲ. ತರಕಾರಿ ತರಲು ಕೂಡ ಮಗ ಬಸಣ್ಣನನ್ನೇ ಕಳಿಸುತ್ತಿದ್ದರು. ನನಗೆ ಒಳಗೊಳಗೇ ಇದು ಬಹಳ ಚುಚ್ಚುತ್ತಿತ್ತು.

ನಮ್ಮ ಕಡೆ ಹತ್ತಿಯ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ, ಟವೆಲ್ಲಿನ ಕೆಳಗೆ ನಡೆಯುತ್ತದೆ. ಕೊಳ್ಳುವವನೂ ಮಾರುವವನೂ ಟವೆಲ್ ಮುಚ್ಚಿಕೊಂಡು ಕೈ ಹಿಡಿಯುತ್ತಾರೆ. ಒಳಗೆ ಬೆರಳು ಹಿಚುಕಿದರೆ ಅದೇ ರೇಟು. ಎರಡು ಬೆರಳೆಂದರೆ ಕಡಿಮೆ, ಇಡೀ ಕೈ ಎಂದರೆ ಭಾರಿ. ಪಕ್ಕದವನಿಗೆ ಟವೆಲ್ ಅಲ್ಲಾಡುವುದಷ್ಟೇ ಕಾಣುತ್ತದೆ. ಇಂಥ ಗುಟ್ಟಿನ ಮನುಷ್ಯರಾದ ಮಾವನಿಗೆ ಸಂತೆಯ ಊರಿಗೆ ಮಾಡುವ ಟ್ರಂಕ್ ಕಾಲ್ ಹೇಗೆ ಒಗ್ಗೀತು? ಬೆಳಿಗ್ಗೆ ಬುಕ್ ಮಾಡಿದರೆ ಮಧ್ಯಾಹ್ನ ಸಿಗುತ್ತಿತ್ತು. ಸಿಕ್ಕ ಮೇಲೆ ಅರಚಬೇಕು. ಅರಚಿದರೆ ಓಣಿಗೆಲ್ಲ ರೇಟು ಗೊತ್ತು!

ಅದಕ್ಕೇ ಮಾವ ಲೈಸೆನ್ಸ್ ಮಾಡಿಸಿ, ಹರಾಜಿನಲ್ಲಿ ಬಂದ ಹಳೆಯ ವೈರ್‌ಲೆಸ್ ಸೆಟ್ಟು ಎರಡು ಕೊಂಡರು. ಒಂದು ರಾಯಚೂರಿಗೆ, ಇನ್ನೊಂದು ದೇವದುರ್ಗದ ಸಂತೆಗೆ. ಆಮೇಲೆ ಅನುಮಾನ ಶುರುವಾಯಿತು.

"ನಮ್ಮ ಮಾತು ಬ್ಯಾರೇದವರ ಸೆಟ್ಟಿನ್ಯಾಗೂ ಕೇಳಿಸ್ತದೇನು?"

"ಕೇಳಿಸ್ತದರೀ ಮಾವಾ. ಆದ್ರ ಅದಕ್ಕಂತ ಒಂದು ಗುಟ್ಟಿನ ಡಬ್ಬಿ ಬರ್ತದ. ಒಳಗ ಕೂಡಿಸಿದ್ರ ಮಾತಿಗೂ ಟವೆಲ್ ಹೊಚ್ಚಿದಂಗ."

ಮಾವ ಮೊದಲ ಸಲ ನನ್ನ ಮುಖವನ್ನು ಪೂರ್ತಿ ನೋಡಿದರು. "ಹಂಗಾರ ನೀನಽ ಹುಡುಕಿ ತಾ" ಎಂದರು. ನಾನು ಓಡುತ್ತಲೇ ಮಾನ್ವಿ ಬಸ್ಸು ಹತ್ತಿದೆ.

ಮಾನ್ವಿಯ ಗುಜರಿ ಖಾದರ್ ಭಾಯಿ ಒಂದು ಗೋಣಿಚೀಲ ಸುರಿದರು. "ಎಲ್ಲಾ ವೈರ್‌ಲೆಸ್ಸಿಂದಽ ಮಾಲ್ ಅದ ನೋಡ್ರಿ ಸಾಬ್. ಹೆಸರು ನಂಬರ್ ಅಳಿಸಿ ಹೋಗ್ಯಾವ. ಯಾವುದು ಏನಂತ ಖುದಾಗೇ ಗೊತ್ತು."

"ನನಗೂ ಗೊತ್ತದ ಬಿಡ್ರಿ" ಎಂದೆ.

ಡಬ್ಬಿಗಳನ್ನು ಒಂದೊಂದಾಗಿ ಅಲ್ಲಾಡಿಸಿ, ಮೂಸಿ, ಕಿವಿಗಿಟ್ಟುಕೊಂಡು ಶಾಸ್ತ್ರೋಕ್ತವಾಗಿ ಪರೀಕ್ಷಿಸಿ ಕೊನೆಗೆ ಎರಡನ್ನು ಆರಿಸಿದೆ. ಒಂದು, ಜರಿಹುಳದ ಹಾಗೆ ಕಾಲುಗಳಿದ್ದ ಸಣ್ಣ ಕರಿ ಡಬ್ಬಿ. ಇನ್ನೊಂದು, ನಾಲ್ಕೂ ಕಡೆ ಬೆಸುಗೆ ಹಾಕಿದ್ದ ಭಾರದ ತಗಡಿನ ಡಬ್ಬಿ. ಇವೆರಡರಲ್ಲಿ ಒಂದು ಗುಟ್ಟಿನದು ಎಂದು ನನ್ನ ಅಂತರಾತ್ಮ ಹೇಳಿತು. ಅದು ಹೇಳಿದ್ದು ನಿಜವೇ ಆಗಿತ್ತು. ಯಾವುದು ಎಂದು ಮಾತ್ರ ಹೇಳಲಿಲ್ಲ!

ಮನೆಯಲ್ಲಿ ಪ್ರಯೋಗ ನಡೆಯಿತು. ಒಂದು ಸೆಟ್ಟು ಅಡುಗೆಮನೆಯಲ್ಲಿ ಸರೋಜಾಳ ಹತ್ತಿರ, ಇನ್ನೊಂದು ಮಾಳಿಗೆಯ ಮೇಲೆ ನನ್ನ ಹತ್ತಿರ. ಮೊದಲು ನನ್ನ ಸೆಟ್ಟಿಗೆ ಕರಿ ಡಬ್ಬಿ ಕೂಡಿಸಿ ಗಂಭೀರವಾಗಿ ಮಾತಾಡಿದೆ. ಕೆಳಗಿನಿಂದ ಸರೋಜಾ ಸೆಟ್ಟು ಬಿಟ್ಟು ಬಾಯಲ್ಲೇ ಕೂಗಿದಳು.

"ಏನ್ರೀ ಅದು, ಗಂಟಲದಾಗ ಹೋಳಿಗಿ ಸಿಕ್ಕೊಂಡಂಗ ಒದರಾಕತ್ತೀರಿ! ಒಂದಕ್ಷರ ತಿಳೀವಲ್ದು!"

ಡಬ್ಬಿ ಕೆಟ್ಟಿದೆ ಎಂದು ತೀರ್ಮಾನಿಸಿದೆ. ತೆಗೆದು ಮಾಳಿಗೆಯಾಚೆ ಎಸೆದೆ. ಆಮೇಲೆ ತಗಡಿನ ಡಬ್ಬಿ ಕೂಡಿಸಿದೆ.

"ಈಗ ನೋಡ್ರಿ, ಬಾಜೂಕ ನಿಂತು ಮಾತಾಡಿದಂಗ ಕೇಳಿಸ್ತದ" ಎಂದಳು. ಇಷ್ಟು ಸ್ವಚ್ಛವಾಗಿ ಕೇಳಿಸುವುದೇ ಅಸಲಿ ಗುಟ್ಟಿನ ಡಬ್ಬಿ ಎಂದು ನಾನು ಘೋಷಿಸಿದೆ! ಮಾತು ಯಾರಿಗೂ ತಿಳಿಯದ ಹಾಗೆ ಮಾಡುವ ಡಬ್ಬಿಯನ್ನು ಹುಡುಕುತ್ತಿದ್ದ ನಾನು, ಮಾತು ತಿಳಿಯಲಿಲ್ಲ ಎಂಬ ಕಾರಣಕ್ಕೇ ಅದನ್ನು ಎಸೆದಿದ್ದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಮಾವ ಬಂದು ತಗಡಿನ ಡಬ್ಬಿ ಮುಟ್ಟಿ ಕೈ ಹಿಂದೆ ತೆಗೆದರು. "ಯಪ್ಪಾ, ಸುಡಾಕತ್ತದಲ್ಲೋ!"

"ಗುಟ್ಟು ಕಾಯೋದಂದ್ರ ಸಣ್ಣ ಕೆಲಸೇನ್ರೀ ಮಾವಾ? ಬಿಸಿ ಆಗೇ ಆಗ್ತದ."

ಮಾವ ತಲೆದೂಗಿದರು. "ಮಸರಕಲ್ ಹಣಮಂತಪ್ಪ ಈ ಸಂತಿಗಿ ಬಂಡಿಗಟ್ಟಲೆ ಹತ್ತಿ ತರ್ತಾನ. ಅದು ನಮಗಽ ಬೇಕು, ಕಡಿಮಿಗೇ ಬೇಕು. ಬಸಣ್ಣ ಟವೆಲ್ ಹಾಕ್ಲಿ, ನೀ ಸೆಟ್ ನೋಡ್ಕೊ. ನಿನ್ನ ಮ್ಯಾಲ ಬಿಟ್ಟೀನಿ." ನಿನ್ನ ಮ್ಯಾಲ ಬಿಟ್ಟೀನಿ! ಆ ಮಾತು ಕೇಳಿ ನನಗೆ ನಿಜವಾಗಿಯೂ ಕಣ್ಣು ಒದ್ದೆಯಾಯಿತು.

ದೇವದುರ್ಗದ ಸಂತೆಯಲ್ಲಿ ಒಂದು ಕೋಣೆ ಹಿಡಿದೆವು. ಬಸಣ್ಣ ಹೊರಗೆ ಹೋದ. ನಾನು ಗುಟ್ಟಿನ ದೃಷ್ಟಿಯಿಂದ ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಸೆಟ್ಟಿನ ತಂತಿಯನ್ನು ತಗಡಿನ ಮಾಡಿನ ಮೇಲೆ ಹಾಯಿಸಿದೆ. ಪಕ್ಕದ ಚಹಾದಂಗಡಿಯವನು ಹಾಡು ಹಾಕುವ ಲೌಡ್‌ಸ್ಪೀಕರಿನ ತಂತಿಯೂ ಅಲ್ಲೇ ಇತ್ತು. ಇರಲಿ, ಜೊತೆಗಿರಲಿ ಎಂದುಕೊಂಡೆ. ವೈರ್‌ಲೆಸ್ ಸೆಟ್ಟಿನಲ್ಲಿ ಆಡಿದ ಮಾತು ಹತ್ತಿರದ ಲೌಡ್‌ಸ್ಪೀಕರಿಗೆ ನುಗ್ಗಬಹುದು ಎಂಬ ಪಾಠವನ್ನು ನಾನು ಇನ್ನೂ ಕಲಿತಿರಲಿಲ್ಲ. ಅಂದೇ ಕಲಿತೆ.

ಸೆಟ್ಟಿನಲ್ಲಿ ರಾಯಚೂರಿನಿಂದ ಮಾವನ ದನಿ ಮೆಲ್ಲಗೆ ಅಪ್ಪಣೆ ಕೊಟ್ಟಿತು. ಕೇಳಿದ್ದನ್ನು ತಿರುಗಿ ಒಪ್ಪಿಸುವುದು ವೈರ್‌ಲೆಸ್ಸಿನ ಶಿಸ್ತು. ಶಿಸ್ತಿನಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

"ಕೇಳಿಸ್ತ್ರೀ ಮಾವಾ! ಬಸಣ್ಣ ಮದಲ ಎರಡು ಬೆರಳು ಹಿಡೀಬೇಕು. ಹಣಮಂತಪ್ಪ ಒಪ್ಪಲಿಲ್ಲಂದ್ರ ಮೂರು. ಅದಕ್ಕೂ ಒಪ್ಪಲಿಲ್ಲಂದ್ರ ಇಡೀ ಕೈ ಕೊಟ್ಟರೂ ಚಿಂತಿಲ್ಲ, ಹತ್ತಿ ಬಿಡಬಾರದು. ಇದು ಯಾರಿಗೂ ಗೊತ್ತಾಗಬಾರದು. ಓವರ್!"

ಹೊರಗೆ ಸಂತೆ ಒಮ್ಮೆಲೇ ಸುಮ್ಮನಾಯಿತು. ಆಮೇಲೆ ಹೋ ಎಂದು ಗದ್ದಲ ಎದ್ದಿತು. "ಬಸಣ್ಣ ಹುಷಾರದಾನೇನು?" ಎಂದು ಮಾವ ಕೇಳಿದರು.

"ನಿಮ್ಮ ಮಗ ಮಿರ್ಚಿ ಭಜಿ ತಿನ್ನೋದ್ರಾಗಷ್ಟಽ ಹುಷಾರ್ರೀ ಮಾವಾ! ಆದ್ರ ನೀವು ಚಿಂತಿ ಮಾಡಬ್ಯಾಡ್ರಿ. ಗುಟ್ಟು ನನ್ನ ಹಂತೇಕ ಭದ್ರ ಅದ. ಓವರ್!"

ಈ ಸಲ ಹೊರಗೆ ಚಪ್ಪಾಳೆಯೇ ಬಿತ್ತು. ಯಾವುದೋ ಕುಸ್ತಿ ಇರಬೇಕೆಂದುಕೊಂಡೆ. ಅಷ್ಟರಲ್ಲಿ ಬಾಗಿಲು ದಡದಡ ಬಡಿದರು. ತೆರೆದರೆ ಎದುರಿಗೆ ಅರ್ಧ ಸಂತೆ! ಮುಂದೆ ಬಸಣ್ಣ, ಅವನ ಪಕ್ಕದಲ್ಲಿ ಮಸರಕಲ್ಲಿನ ಹಣಮಂತಪ್ಪ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಐದೂ ಬೆರಳು ಬಿಚ್ಚಿ ಕೈ ಮೇಲೆತ್ತಿ ನಿಂತಿದ್ದ.

"ಸರೋಜವ್ವನ ಗಂಡರೇನ್ರಿ? ನೀವು ಇಡೀ ಕೈ ಅನ್ನಾಕತ್ತೀರಿ, ನಿಮ್ಮ ಹುಡುಗ ಎರಡಽ ಬೆರಳು ಹಿಚುಕ್ಯಾಡಾಕತ್ತಾನ. ಖರೇ ಯಾವುದ್ರೀ?"

ಅವನ ಹಿಂದೆ ಇದ್ದಬದ್ದ ರೈತರೆಲ್ಲ ಕೈ ಎತ್ತಿ ನಿಂತಿದ್ದರು. ಬಸಣ್ಣ ನನ್ನ ಕೈಯಿಂದ ಸೆಟ್ಟು ಕಸಿದುಕೊಂಡು, "ಅಪ್ಪಾ, ನಮ್ಮ ಭಾವ ಲೌಡ್‌ಸ್ಪೀಕರಿನ್ಯಾಗ ಎಲ್ಲಾ ಹೇಳ್ಯಾನ. ಭಜಿ ಸುದ್ದಿನೂ ಹೇಳ್ಯಾನ" ಎಂದ. ಅದು ಕೂಡ ಲೌಡ್‌ಸ್ಪೀಕರಿನಲ್ಲಿ ಕೇಳಿಸಿತು.

ನನಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ದೇವದುರ್ಗದ ನೆಲ ಗಟ್ಟಿ, ಬಿಡಲಿಲ್ಲ. ಮಾವ ಇಡೀ ಕೈಗೇ ಹತ್ತಿ ಕೊಂಡರು. ಸಂತೆಯಲ್ಲಿ ಆಡಿದ ಮಾತಿಗೆ ತಪ್ಪುವ ಮನುಷ್ಯ ಅವರಲ್ಲ, ಆಡಿದ್ದು ಅಳಿಯನಾದರೂ.

ಮರುದಿನ ಮಾವ ನಮ್ಮ ಮನೆಗೆ ಬಂದು ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಗಡಿನ ಡಬ್ಬಿ ತೋರಿಸಿ "ಅದರಾಗ ಏನದ, ಬಿಚ್ಚು" ಎಂದರು. ಬೆಸುಗೆ ಕರಗಿಸಿ ಬಿಚ್ಚಿದೆ. ಬೆಂಕಿಪೆಟ್ಟಿಗೆಯಷ್ಟೂ ಇಲ್ಲದ ಒಂದು ಸಾಮಾನು, ಅದರ ಸುತ್ತ ಕಾದು ಬಿಸಿಯಾಗುವ ತಂತಿ. ನೋಡಿದ ಕೂಡಲೇ ಅರ್ಥವಾಯಿತು. ಚಳಿ ದೇಶದಲ್ಲಿ ಸೆಟ್ಟಿನ ಒಳಗಿನ ಸಾಮಾನು ತಣ್ಣಗಾಗಬಾರದೆಂದು ಇಡುವ ಹೀಟರು ಅದು!

"ಏನದು?"

"ಒಲಿರೀ ಮಾವಾ."

"ರಾಯಚೂರಾಗ?"

ಸರೋಜಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಮಾವ ಎದ್ದು ಹೋದರು.

ಮುಂದೆ ನನ್ನ ನಾದಿನಿಯ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಅಚ್ಚು ಹಾಕಿಸಲು ಬಸಣ್ಣ ಹೊರಟಾಗ ಮಾವ ಬೀಗರೆದುರಿಗೇ ಅವನನ್ನು ತಡೆದರು.

"ಪತ್ರಿಕಿ ಯಾಕ ಬೇಕಲೇ? ಸರೋಜನ ಗಂಡಗ ಕರದು, ಯಾರಿಗೂ ಹೇಳಬ್ಯಾಡ ಅಂತ ಕಿವಿಯಾಗ ಹೇಳು. ಮೂರು ತಾಲೂಕಿಗೆ ಮುಟ್ಟತದ!"

ಬೀಗರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಏನೇ ಆಗಲಿ, ಮಾವ ನನ್ನ ಮೇಲೆ ನಂಬಿಕೆಯಿಟ್ಟು ಇನ್ನೊಂದು ಕೆಲಸ ಒಪ್ಪಿಸಿದ್ದರು!