ಅಮಾಸಿಗೆ ಹಿತ್ತಲ ಬಾಗಿಲು

ಬುತ್ತಿ ಎಲ್ಲಿ ತಪ್ಪುತ್ತದೋ ಯಾರಿಗೂ ಹೇಳಲು ಬರುವುದಿಲ್ಲ, ತಪ್ಪಿದ ಮೇಲೆ ಕಾರಣ ಕೇಳಿದರೆ ನಗು ಬರುತ್ತದೆ ಎಂದು ನನಗೆ ಮೊದಲು ಹೇಳಿದ್ದು ಹಾವೇರಿಯ ಖಾನಾವಳಿ ಅಕ್ಕ. ನನಗೆ ಪಗಾರ ಬರುತ್ತಿದ್ದದ್ದೂ ಅದಕ್ಕೇ. ಹೊಲದಿಂದ ಹಡಗಿನ ತನಕ ಮಾಲು ಎಲ್ಲೆಲ್ಲಿ ನಿಂತೀತು ಎಂದು ಹುಡುಕಿ ವರದಿ ಬರೆಯಲು ಮಸಾಲೆ ಕಂಪನಿಯೊಂದು ನನ್ನನ್ನು ಇಲ್ಲಿಗೆ ಕಳಿಸಿತ್ತು. ಮೊಬೈಲು ಇನ್ನೂ ಸಾಹುಕಾರರ ಕಿಸೆಯಲ್ಲಷ್ಟೇ ಇದ್ದ ಕಾಲ. ಊರಿಗೆ ಹೊಸಬಳು, ಬಾಡಿಗೆ ಖೋಲಿಯಲ್ಲಿ ಒಬ್ಬಳೇ. "ಉಂಡ್ರೇನು?" ಎಂದು ಕೇಳುವವಳು ಆ ಅಕ್ಕ ಮಾತ್ರ. ಅವಳೂ ಆಗಾಗ, "ಮೊಣಕಾಲು ಕೇಳವಲ್ವು. ಖಾನಾವಳಿ ಮುಚ್ಚಿ ಮಗಳ ಮನಿಗೆ ಹೋಗಿಬಿಡ್ತೇನಿ ನೋಡ್ರಿ" ಎಂದು ಹೆದರಿಸುತ್ತಿದ್ದಳು.

ಬ್ಯಾಡಗಿಯ ಸಾಹುಕಾರರು

ಹೊರದೇಶದ ಖರೀದಿದಾರನೊಬ್ಬನನ್ನು ಬ್ಯಾಡಗಿಯ ದಲಾಲಿ ಅಂಗಡಿಗೆ ಕರೆದುಕೊಂಡು ಹೋದೆ. ಮೆಣಸಿನಕಾಯಿಯ ಘಾಟಿಗೆ ಅವನು ಸೀನುತ್ತಲೇ ಕೇಳಿದ, ನಾನು ಕೆಮ್ಮುತ್ತಲೇ ಸಾಹುಕಾರರಿಗೆ ಕನ್ನಡದಲ್ಲಿ ಹೇಳಿದೆ.

"ಬಂದರು ಬಂದ್ ಆದರೆ?"

"ಬ್ಯಾರೆ ಬಂದರಿಗೆ ಹಾಕೋಣಂತ."

"ಮಳೆ ಬೆಳೆ ಕೈಕೊಟ್ಟರೆ?"

"ಕೋಲ್ಡ್ ಸ್ಟೋರೇಜಿನಾಗ ಹ್ವಾದ ವರ್ಷದ್ದು ಐತಿ."

"ಯುದ್ಧ ಶುರುವಾದರೆ?"

"ಊಟಾ ಬಿಟ್ಟು ಬಡದಾಡ್ತಾರೇನ್ರಿ? ಅವರಿಗೂ ಖಾರ ಬೇಕಾಗತೈತಿ."

ಅತಿಥಿಗೆ ಖುಷಿಯಾಯಿತು. ಹಾಗಾದರೆ ಬರುವ ಶುಕ್ರವಾರವೇ ಲಾರಿ ಹೊರಡಲಿ ಎಂದ. ಸಾಹುಕಾರರು ಗೋಡೆಯ ಕ್ಯಾಲೆಂಡರ್ ನೋಡಿದರು, ಮುಖ ಸಪ್ಪಗಾಯಿತು.

"ಆಗೂದಿಲ್ರಿ. ಅವತ್ತ ಅಮಾಸಿ. ಗಾಡಿ ಪೂಜಾ. ಡ್ರೈವರ್ ಸ್ಟೇರಿಂಗ್ ಮುಟ್ಟಂಗಿಲ್ಲ."

ಯುದ್ಧಕ್ಕೆ ಹೆದರದ ಮಾಲು ಗಾಲಿ ಕೆಳಗಿನ ಲಿಂಬಿಹಣ್ಣಿಗೆ ನಿಂತಿತು.

ಹಲಗೇರಿಯ ಹೂವು

ರಾಣೆಬೆನ್ನೂರಿನ ಹತ್ತಿರ ಹಲಗೇರಿಯಲ್ಲಿ ಬೀಜಕ್ಕೆಂದೇ ಟೊಮೆಟೊ ಬೆಳೆದಿದ್ದರು. ಒಂದು ಗಿಡದ ಹೂವಿನ ಪರಾಗವನ್ನು ಇನ್ನೊಂದರ ಹೂವಿಗೆ ಹೆಣ್ಣುಮಕ್ಕಳು ಕೈಯಿಂದಲೇ ಮುಟ್ಟಿಸುತ್ತಾರೆ. ಬಿಸಿಲೇರುವುದರೊಳಗೆ ಮುಗಿಸಬೇಕು. ಆ ಬೀಜ ಯಾವ ಯಾವ ದೇಶಕ್ಕೋ ಹೋಗುತ್ತದೆ.

"ಈ ಕೆಲಸ ಯಾವಾಗರೆ ನಿಲ್ಲತೈತೇನ್ರಿ?" ಎಂದೆ.

"ನಿಂದರಸಿದ್ರ ಹೂವು ಬಾಡ್ತಾವಲ್ರಿ" ಎಂದಳು ಒಬ್ಬಳು, ತಲೆ ಎತ್ತದೆ. "ಅಲ್ರಿ ಅಕ್ಕಾರ, ಮನ್ಯಾಗ ಯಾರ್ಯಾರು ಅದೀರಿ?"

"ನಾ ಒಬ್ಬಾಕಿನ."

ಅಷ್ಟೂ ಮಂದಿಯ ಕೈ ನಿಂತವು.

"ಯಾರೂ ಇಲ್ಲ?"

"ಇಲ್ಲ."

"ಮತ್ತ ಜಗಳಾ ಯಾರ ಕೂಡ ಆಡ್ತೀರಿ?"

ನಾನು ವರದಿಯ ಪುಸ್ತಕದ ಹಾಳೆ ತಿರುವಿದೆ. ಅವರು ಉತ್ತರಕ್ಕೆ ಕಾದೇ ಕಾದರು. ಕೊನೆಗೆ ಬದುವಿನ ಮೇಲಿಂದ ಹೊಲದ ಮಾಲಕರು ಕೂಗಿದರು: "ಅಕ್ಕಾರ, ನೀವು ಲಗೂನ ಯಾರನ್ನರೆ ನೋಡ್ಕೋರಿ. ನನ್ನ ಹೂವು ಬಾಡಾಕತ್ತಾವ."

ಖಾನಾವಳಿಯ ಕೀಲಿ

ಆ ಶುಕ್ರವಾರ ಸಂಜೆ ಉಣ್ಣಲು ಹೋದರೆ ಖಾನಾವಳಿ ಬಾಗಿಲಿಗೆ ಕೀಲಿ ಜಡಿದಿತ್ತು. ಅಮಾವಾಸ್ಯೆ ಲಾರಿಗಳಿಗಷ್ಟೇ ಎಂದುಕೊಂಡಿದ್ದವಳು ನಾನು. ಅಕ್ಕ ಕಡೆಗೂ ಮಗಳ ಮನೆಗೆ ಹೋದಳು, ನನಗೊಂದು ಮಾತೂ ಹೇಳದೆ, ಎನಿಸಿತು. ಕಂಡಕಂಡವರನ್ನು "ಇದು ತಪ್ಪಿದರೆ ಬೇರೆ ದಾರಿ ಏನು?" ಎಂದು ಕಾಡಿದವಳಿಗೆ ಸ್ವಂತಕ್ಕೆ ಬೇರೆ ದಾರಿಯೇ ಇರಲಿಲ್ಲ. ಬಾಳೆಹಣ್ಣು ತಿಂದು, ಗೋಡೆಗೆ "ಉಂಡೆ" ಎಂದು ಹೇಳಿ ಮಲಗಿದೆ.

ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ಅಕ್ಕ, ಕೈಯಲ್ಲಿ ಹೋಳಿಗೆಯ ಡಬ್ಬಿ. ಮುಖ ಬ್ಯಾಡಗಿ ಕಾಯಿಯ ಹಾಗೆ: ಬಣ್ಣ ಬಲು ಕೆಂಪು, ಖಾರ ಕಡಿಮೆ.

"ನಿನ್ನೆ ಯಾಕ ಬರಲಿಲ್ಲ?"

"ಬಂದಿದ್ನಿ. ಕೀಲಿ ಹಾಕಿತ್ತು. ಮಗಳ ಮನಿಗೆ ಹೋಗಿಬಿಟ್ರಿ ಅಂತ ಮಾಡಿದ್ನಿ."

"ನಿಮಗ ಹೇಳದ ಹ್ಯಾಂಗ ಹೋಗಲಿ? ಅಮಾಸಿಗೆ ಖಾನಾವಳಿ ಮುಚ್ಚಿರತೈತಿ, ಹಿಂದಿನ ಮನಿ ಮುಚ್ಚತಾರೇನು? ದಿನಾ ಉಣ್ಣೋರೆಲ್ಲಾ ಹಿತ್ತಲ ಬಾಗಲದಿಂದ ಬಂದು ಹೋಳಿಗಿ ಉಂಡು ಹೋದ್ರು. ನಿಮ್ಮ ದಾರಿ ನೋಡಿ ನೋಡಿ ನಾನೂ ಉಪಾಸ ಮಲಗೇನಿ."

"ಹಿತ್ತಲ ಬಾಗಲಾ ಐತಿ ಅಂತ ನನಗ ಯಾರು ಹೇಳಬೇಕು?"

"ಮನಿ ಅಂದ ಮ್ಯಾಲ ಹಿತ್ತಲ ಇರೂದಿಲ್ಲೇನು?"

ನಾನು ಒಂದಂದೆ, ಅವಳು ಎರಡಂದಳು. ಹಲಗೇರಿಯವರು ಕೇಳಿದ್ದಕ್ಕೆ ಉತ್ತರ ಸಿಕ್ಕಿತು.

ಡಬ್ಬಿ ಇಟ್ಟು ಹೊರಟವಳು ಮೆಟ್ಟಿಲಲ್ಲಿ ನಿಂತಳು. "ನಿಮ್ಮ ಎದುರು ಖೋಲಿಗೆ ಹೊಸ ಮಾಸ್ತರು ಬಂದಾರಲ್ಲ, ಅವರೂ ಕೀಲಿ ನೋಡಿ ಹೊಳ್ಳಿ ಹೋಗಿ ಬಾಳಿಹಣ್ಣು ತಿಂದು ಮಲಗ್ಯಾರಂತ, ಹಣ್ಣಿನವ ಹೇಳಿದ. ಅಮಾಸಿಗೆ ಹಿತ್ತಲದಿಂದ ಬರಬೇಕಂತ ಅವರಿಗೆ ನೀವ ಹೇಳಿಬಿಡ್ರಿ. ಒಂದ ಹೊಟ್ಟಿಲೆ ಇಬ್ಬರ ಸಲುವಾಗಿ ಉಪಾಸ ಇರಾಕ ನನಗ ಆಗೂದಿಲ್ಲ."